ನೇಗಿಲ ಹಿಂದಿನ ಗೊರವಂಕಗಳು

ಇವತ್ತು ಹಿರಿಯೂರಿನ ಗೊಬ್ಬರದಂಗಡಿ ಮುಂದೆ ಕೀಟನಾಶಕದ ಘಾಟು ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ, ಮನೆಯಲ್ಲಿ ತುಟಿ ಬಿಚ್ಚದ ನಮ್ಮಪ್ಪ ಹೊಲದಲ್ಲಿ ಮಾತ್ರ ಮಾತಾಡುತ್ತಿದ್ದ, ಅದೂ ನೇಗಿಲ ಹಿಂದೆ ಹುಳ ಹೆಕ್ಕುತ್ತ ಬರುವ ಗೊರವಂಕಗಳ ಜೊತೆ. "ನಿಧಾನಕ್ಕೆ ತಿನ್ರವ್ವ, ಇನ್ನೂ ಐತೆ" ಅನ್ನುತ್ತಿದ್ದ. ಬುತ್ತಿ ತಂದ ನಾನು ಆ ದನಿ ಕೇಳಲೆಂದೇ ಬದುವಿನ ಮೇಲೆ ಕೂತಿರುತ್ತಿದ್ದೆ.

ಒಂದು ವರ್ಷ ಹತ್ತಿಗೆ ಹೊಸ ಔಷಧಿ ಹೊಡೆದ. ವಿಷ ಹತ್ತಿದ ಹುಳ ತಿಂದು ಗೊರವಂಕಗಳು ಗಿಡದ ಬುಡದಲ್ಲೇ ಸತ್ತು ಬಿದ್ದವು.

ಮರುವರ್ಷ ಉಳುವಾಗ ಅಪ್ಪ ಪ್ರತಿ ಸಾಲಿನ ತುದಿಯಲ್ಲೂ ತಿರುಗಿ ನೋಡುತ್ತಿದ್ದ. ಒಂದು ಹಕ್ಕಿಯೂ ಇರಲಿಲ್ಲ.

"ನಾನು ಬರ್ಲೇನಪ್ಪ ಹಿಂದೆ?" ಅಂದೆ.

ಅಪ್ಪ ನೇಗಿಲು ಒತ್ತಿ ಎತ್ತುಗಳನ್ನು ಮುಂದಕ್ಕೆ ಹೊಡೆದ. ನಾನು ಸಾಲಿನುದ್ದಕ್ಕೂ ಹಿಂದೆ ನಡೆದೆ.

"ಏನ್ ಬೇಕಿತ್ರಮ್ಮ?" ಅಂತ ಇವತ್ತು ಅಂಗಡಿಯವನು ಕೇಳಿದಾಗ ನಾನು ಹಿಂದಕ್ಕೆ ತಿರುಗಿ ನೋಡುತ್ತಿದ್ದೆ.