ಖಾಲಿ ಅಚ್ಚು

ಯತೀಶ ಕೊಪ್ಪದ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಭಾನುವಾರ ಬಂದರೆ ಗುತ್ತಲಿಗೆ ಹೋಗಿ, ವಾಜಿದನ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಗಿಟಾರು ಹಿಡಿದು ಕಿರುಚುವವನೂ ಅವನೇ. ಮೆಟಲ್ ಹಾಡಂತೆ. ಹೆಂಡತಿ ವೀಣಳಿಗೆ ಅದು ಹಂದಿ ಹಿಡಿಯುವಾಗಿನ ಸದ್ದು. ಹಂಗಂತ ಮುಖಕ್ಕೇ ಹೇಳುತ್ತಿದ್ದಳು.

"ಹಂದಿಗೂ ನೋವಾಯ್ತದೆ ಕಣೆ," ಅಂತ ಅವನು ನಗುತ್ತಿದ್ದ.

ಏಳು ತಿಂಗಳಿಗೇ ಹುಟ್ಟಿದ ಮಗು ಉಸಿರಾಡಲಿಲ್ಲ. ಆಮೇಲೆ ಅವನು ನಗಲಿಲ್ಲ. ಅಳಲೂ ಇಲ್ಲ. ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ. ಹೆತ್ತವಳು ಅಲ್ಲಿಗೆ ಹೋಗುವಂತಿಲ್ಲ. ಜಾಗ ಗೊತ್ತಾದರೆ ದಿನಾ ಹೋಗಿ ಕೂರುತ್ತಾಳೆ, ಮತ್ತೆ ಬಸಿರು ನಿಲ್ಲುವುದಿಲ್ಲ ಅಂತ ಅತ್ತೆ ಚಿಕ್ಕಬೋರಮ್ಮನ ಭಯ. ಮಗನ ಕೈಯನ್ನು ತನ್ನ ತಲೆ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದಳು: "ಅವ್ಳ ಮುಂದೆ ಬಾಯ್ಬುಡಬ್ಯಾಡ."

ಎಲ್ಲಿ ಮಣ್ಣು ಮಾಡಿದೆ ಅಂತ ವೀಣ ಕೇಳಿದಳು, ಬೈದಳು, ಅಂಗಿ ಹಿಡಿದು ಎಳೆದಳು. ಅವನು ಬೈಕು ಹತ್ತಿ ಗುತ್ತಲಿಗೆ ಹೋದ. ಮಗು ಸತ್ತರೆ ಹಾಡೋಕೆ ಹೋದನಲ್ಲ ಅಂತ ಅವಳು ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಗಲೇ ಅವನ ಬೈಕು ಕಬ್ಬಿನ ಲಾರಿಗೆ ಸಿಕ್ಕಿತು.

ತಿಥಿ ಕಳೆದ ಮೇಲೆ ವಾಜಿದ್ ಬಂದು ಜಗಲಿಯಲ್ಲಿ ಕೂತ.

"ಆಲ್ಬಮ್ಮು ಮುಗ್ದದೆ ಕಣಮ್ಮ. ಕೊನೇ ಹಾಡ ಯತೀಶ ಮೊಬೈಲ್ನಲ್ಲಿ ಹಾಡಿಟ್ಟಿದ್ದ. ಗಂಟ್ಲು ಒಡ್ದೋಗದೆ, ಒಂದಕ್ಷರ ತಿಳಿಯಕಿಲ್ಲ. ಬೇರೆಯೋರ ಕೈಲಿ ಹಾಡ್ಸಾಣ ಅಂತವ್ರೆ ನಮ್ ಬ್ಯಾಂಡ್ನೋರು. ನೀನೇ ಹೇಳ್ಬೇಕು."

"ಯಾರ ಕೈಲಾರ ಹಾಡ್ಸು. ಆ ಅರಚಾಟ ನಂಗ್ ಬ್ಯಾಡ."

"ಮೊದ್ಲಿಂದ ಒಂದ್ಸಲ ಕೇಳ್ಬುಡು. ಆಮೇಕೆ ಬಯ್ಯಿವಂತೆ."

ಅವನು ಮೊಬೈಲಿನಲ್ಲಿ ಹಾಕಿದ ಮೊದಲ ಹಾಡಿಗೇ ವೀಣ ತಲೆ ಎತ್ತಿದಳು. ಡ್ರಮ್ಸಿನ ಪೆಟ್ಟು ಹೋಗಿ ಹೋಗಿ ಒಂದು ಕಡೆ ಎಡವುತ್ತಿತ್ತು. ಆಲೆಮನೆಯ ಹಳೇ ಇಂಜಿನ್ನೂ ಹಂಗೇ, ನಡುವೆ ಒಂದು ಪೆಟ್ಟು ನುಂಗಿಕೊಳ್ಳುತ್ತದೆ. ಬುತ್ತಿ ಹೊತ್ತು ಹೋದಾಗ ಅವಳು ಎಷ್ಟು ಸಲ ಕೇಳಿಲ್ಲ.

"ಅದ್ನೇ ಬಾರ್ಸು ಅಂತ ನನ್ ಪ್ರಾಣ ತಿಂದ," ಅಂದ ವಾಜಿದ್. "ಕಬ್ಬು ಕಡಿಯೋದು ಒಂದು ಹಾಡು, ಗಾಣ ಒಂದು, ಕೊಪ್ಪರಿಗೆ ಕುದಿಯೋದು ಒಂದು. ಎಲ್ಲಾ ಸೇರಿ ಒಂದೇ ಕತೆ. ಕಬ್ಬಿನ ಕತೆ ಅಲ್ಲ, ಅವ್ನುದು."

ಗಿಟಾರಿನಲ್ಲಿ ಸಣ್ಣಗೆ ಒಂದು ರಾಗ ಬಂತು. ಬಸುರಿಯಾಗಿದ್ದಾಗ ಪಾತ್ರೆ ಬೆಳಗುತ್ತಾ ವೀಣ ಗುನುಗುತ್ತಿದ್ದ ರಾಗ. ಹಾಡಿಂದ ಹಾಡಿಗೆ ಅದರ ಒಂದೊಂದು ತುಂಡು ಉದುರುತ್ತಾ ಹೋಯಿತು. ಕೊನೆಯದರ ಹೆಸರು 'ಖಾಲಿ ಅಚ್ಚು'. ಪಾಕ ಹದವಾಗಿದೆ, ಅಚ್ಚಿನಲ್ಲಿ ಬೆಲ್ಲ ಮಾತ್ರ ಇಲ್ಲ. ಅದರಲ್ಲಿ ರಾಗ ಇರಬೇಕಾದ ಕಡೆ ಬರೀ ಮೌನ. ಆಮೇಲೆ ಗಂಡನ ಅರಚಾಟ.

"ಏನಂತಾವ್ನೆ ಅದು?"

ಯತೀಶ ಬರೆದುಕೊಟ್ಟಿದ್ದ ಸಾಲುಗಳನ್ನು ವಾಜಿದ್ ಸುಮ್ಮನೆ ಮಾತಿನಂತೆ ಹೇಳಿದ:

"ತೂಬಿನ ಪಕ್ಕದ ಹೊಂಗೆ, ಕೇಳು,
ನಾನು ಹೇಳುವಂತಿಲ್ಲ.
ನಿನ್ನ ಬೇರಿಗೆ ಕೊಟ್ಟ ಕೂಸಿನ
ಅವ್ವ ಬತ್ತಾಳೆ, ದಾರಿ ಬಿಡು."

ವೀಣ ಒಳಗೆ ತಿರುಗಿದಳು. ಬಾಗಿಲಲ್ಲಿ ಚಿಕ್ಕಬೋರಮ್ಮ ನಿಂತಿದ್ದಳು.

"ನಾಲೆ ತೂಬಿನ್ ತಾವಾ ಅತ್ತೆ?"

ಚಿಕ್ಕಬೋರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ವೀಣ ಚಪ್ಪಲಿ ಮೆಟ್ಟದೆ ನಡೆದಳು. ವಾಜಿದ್ ಹಿಂದೆಯೇ ಬಂದ. ತೂಬು ಇತ್ತು. ಹೊಂಗೆ ಇರಲಿಲ್ಲ. ನಾಲೆ ಏರಿ ಅಗಲ ಮಾಡುವಾಗ ಜೆಸಿಬಿ ಬುಡ ಸಮೇತ ಕಿತ್ತಿತ್ತು. ಮೇಲೆ ಜಲ್ಲಿ ಸುರಿದಿದ್ದರು. ಎಲ್ಲಿ ಕೂರಬೇಕೋ ತಿಳಿಯದೆ ನಿಂತೇ ಇದ್ದಳು.

"ಇನ್ನೊಂದ್ಸಲ ಆಕು."

ಮೊಬೈಲಿನಲ್ಲಿ ಹಾಡು ಶುರುವಾಯಿತು. ಆ ಮೌನ ಬಂದಾಗ, ಅಲ್ಲಿ ತನ್ನ ರಾಗ ಇಡೋಣ ಅಂತ ಬಾಯಿ ತೆರೆದಳು. ರಾಗ ಬರಲಿಲ್ಲ. ಗಂಡ ಅರಚಿದ ಹಂಗೇ ಅರಚಿದಳು. ಗದ್ದೆಯಲ್ಲಿ ಬಗ್ಗಿದ್ದವರೆಲ್ಲ ಎದ್ದು ನೋಡಿದರು.

ವಾಜಿದ್ ಹಾಡು ನಿಲ್ಲಿಸಲು ಹೋದ. ವೀಣ ಅವನ ಕೈ ತಡೆದಳು.

"ಬೇರೆಯೋರು ಹಾಡ್ಬಾರ್ದು ಕಣಣ್ಣ."

"ಗಂಟ್ಲು ಒಡ್ದದಲ್ಲಮ್ಮ."

"ಒಡ್ದಿರ್ಲಿ. ಅಂಗೇ ಬುಡು."