ಬೇಬಿ ಬಂದಿಲ್ರಿ, ನಾನ ಬಂದೇನಿ

“ಬೇಬಿ ಎಲ್ಲೆ ಅದಾಳ್ರೀ? ನೀವು ಆಕಿ ಅವ್ವಾರೇನು?”

ಹೀಗೆ ಕೇಳಿದವನು ನನ್ನ ಕ್ಲಾಸ್‌ಮೇಟ್ ಮಲ್ಲಪ್ಪ. ತಾಳಿಕೋಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಕೇಳಿಸಿಕೊಂಡವಳು ಇಪ್ಪತ್ತೇಳು ವರ್ಷದ ಗಾಯಕಿ ನೀಲಾಂಬಿಕಾ. ಮದುವೆಯಾಗಿಲ್ಲ, ಮಕ್ಕಳಿಲ್ಲ. ಮಲ್ಲಪ್ಪನ ಕಂಕುಳಲ್ಲಿ ಒಂದು ಪೊಟ್ಟಣ. ಅದರೊಳಗೆ ಗುಲಾಬಿ ಬಣ್ಣದ, ಜರಿ ಅಂಚಿನ ಫ್ರಾಕು. ಒಂಬತ್ತು ವರ್ಷದ ಹುಡುಗಿಯ ಅಳತೆ.

ಆ ಫ್ರಾಕನ್ನು ಅವನು ತಂದದ್ದು ಇವಳಿಗೇ!

ನಗಬೇಡಿ. ತಪ್ಪು ಮಲ್ಲಪ್ಪನದಲ್ಲ, ನನ್ನದು. ಪೂರ್ತಿ ಹೇಳಿಬಿಡುತ್ತೇನೆ, ಮನಸ್ಸಾದರೂ ಹಗುರಾಗಲಿ.

ಈಗ ನಮ್ಮ ಕಡೆ ಗುರುವಂದನೆಯ ಸುಗ್ಗಿ. ಹಳೆಯ ಎಸ್ಸೆಸ್ಸೆಲ್ಸಿ ಬ್ಯಾಚಿನವರೆಲ್ಲ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಳ್ಳುತ್ತಾರೆ. ಆಗ ಬೆತ್ತದಿಂದ ಬಾರಿಸಿದ ಮಾಸ್ತರರನ್ನು ಹುಡುಕಿ ಕರೆತಂದು, ಶಾಲು ಹೊದಿಸಿ ಕಾಲಿಗೆ ಬೀಳುತ್ತಾರೆ. (ಏಟು ಜಾಸ್ತಿ ತಿಂದವರಿಗೆ ಭಕ್ತಿಯೂ ಜಾಸ್ತಿ.) ಕಳೆದ ಭಾನುವಾರ ಮುದ್ದೇಬಿಹಾಳದಲ್ಲಿ ನಾವು ಕಲಿತ ಹೈಸ್ಕೂಲಿನಲ್ಲಿ ನಮ್ಮ ಬ್ಯಾಚಿನ ಸರದಿ. ಸಂಗೀತ ಕಾರ್ಯಕ್ರಮದ ಜವಾಬ್ದಾರಿ ನನ್ನ ತಲೆಗೆ ಬಿತ್ತು. ಅಂಕಣ ಬರೆಯುವವನಿಗೆ ಕಲಾವಿದರೆಲ್ಲ ಗೊತ್ತಿರುತ್ತಾರೆ ಎಂಬ ತಪ್ಪು ತಿಳಿವಳಿಕೆ ನಮ್ಮ ಗ್ರೂಪಿನಲ್ಲಿದೆ.

ನನಗೆ ಗೊತ್ತಿದ್ದ ಕಲಾವಿದೆ ಒಬ್ಬಳೇ. ನೀಲಾಂಬಿಕಾ.

ಇಂಡಿ ತಾಲ್ಲೂಕಿನ ಹಲಸಂಗಿಯ ಹುಡುಗಿ. ಒಂಬತ್ತನೇ ವಯಸ್ಸಿಗೆ ಟಿವಿಯ ಸ್ಪರ್ಧೆಯೊಂದರಲ್ಲಿ ಗುಬ್ಬಿಯ ಮೇಲಿನ ಒಂದು ಹಾಡು ಹಾಡಿದಳು. ಅಷ್ಟೇ. ರಾತ್ರಿ ಬೆಳಗಾಗುವುದರೊಳಗೆ ಆಕೆ ‘ಬೇಬಿ ನೀಲು’. ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಯಾವ ಸಮಾರಂಭವಿರಲಿ, ಗುಬ್ಬಿ ಹಾಡು ಇರಲೇಬೇಕು. ಹುಡುಗಿ ಸಣ್ಣದು, ಹಿಂದೆ ಕೂತವರಿಗೂ ಕಾಣಲಿ ಎಂದು ಒಂದು ಮೇಜು ತಂದು ಅದರ ಮೇಲೆ ನಿಲ್ಲಿಸುತ್ತಿದ್ದರು. ಆಕೆ ಕೈ ಬೀಸುತ್ತ ಹಾಡುತ್ತಿದ್ದಳು, ಜನ ಹುಚ್ಚೆದ್ದು ಚಪ್ಪಾಳೆ ತಟ್ಟುತ್ತಿದ್ದರು.

ಹದಿನಾಲ್ಕಕ್ಕೆ ಧ್ವನಿ ಇಳಿಯಿತು. ಸಿಂದಗಿಯ ಒಂದು ವೇದಿಕೆಯಲ್ಲಿ, ಅದೇ ಗುಬ್ಬಿ ಹಾಡಿನ ಎತ್ತರದ ಸಾಲಿನಲ್ಲಿ ಗಂಟಲು ಕೈಕೊಟ್ಟಿತು. “ಏ, ಗಂಡ್ಸಿನ ಧ್ವನಿ ಬಂತಲ್ಲೋ!” ಎಂದು ಯಾರೋ ಕೂಗಿದರು. ಪೆಂಡಾಲಿಗೆ ಪೆಂಡಾಲೇ ನಕ್ಕಿತು.

ಆ ಪೆಂಡಾಲಿನಲ್ಲಿ ನಾನೂ ಇದ್ದೆ. ನಾನೂ ನಕ್ಕಿದ್ದೆ.

ಎರಡು ವರ್ಷದ ಮೇಲೆ ಆಕೆ ನಾನು ಪಾಠ ಮಾಡುತ್ತಿದ್ದ ಇಂಡಿಯ ಪಿಯು ಕಾಲೇಜಿಗೆ, ನನ್ನ ಕ್ಲಾಸಿಗೇ ಬಂದಳು. ಹಾಜರಿ ಕರೆದರೆ ‘ಎಸ್ ಸರ್’ ಎನ್ನುತ್ತಿರಲಿಲ್ಲ, ಕೈ ಎತ್ತುತ್ತಿದ್ದಳು. ಒಂದು ಕಾಲಕ್ಕೆ ಜಿಲ್ಲೆಯೆಲ್ಲ ಕೇಳಿದ ಧ್ವನಿಯನ್ನು ಎರಡು ವರ್ಷ ನಮ್ಮ ಕಾಲೇಜು ಕೇಳಲೇ ಇಲ್ಲ. ನನಗೆ ಆಕೆಯ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಆಮೇಲೆ ಧಾರವಾಡ. ಅಲ್ಲಿ ಒಬ್ಬ ವಯಸ್ಸಾದ ಗುರುಗಳು ಈ ಹುಡುಗಿಯ ಧ್ವನಿ ಕೇಳಿ, “ಇದು ಕೆಟ್ಟಿಲ್ಲವಾ, ಈಗ ಹುಟ್ಟೈತಿ” ಅಂದರಂತೆ. ಚಿಕ್ಕವಳಿದ್ದಾಗ ಆಕೆ ಹಾಡುತ್ತಿದ್ದುದು ಹಾರ್ಮೋನಿಯಂನ ಕಪ್ಪು ಐದರ ಶ್ರುತಿಯಲ್ಲಿ. ಈಗ ಅದಕ್ಕಿಂತ ಕೆಳಗಿನ ಬಿಳಿ ನಾಲ್ಕು. ಪೆಟ್ಟಿಗೆಯ ಮೇಲೆ ಆ ಎರಡು ಮನೆಗಳ ನಡುವೆ ಒಂದು ಗೇಣೂ ಇಲ್ಲ. ಅದನ್ನು ದಾಟಲು ಆಕೆಗೆ ಎಂಟು ವರ್ಷ ಹಿಡಿಯಿತು. ಈಗ ಇಂಡಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಸಂಗೀತ ಕಲಿಸುತ್ತಾಳೆ.

ಫೋನ್ ಮಾಡಿದೆ. ಒಂದೇ ಶರತ್ತು ಹಾಕಿದಳು.

“ಸರ, ಗುಬ್ಬಿ ಹಾಡು ಹಾಡಂಗಿಲ್ಲ. ಒಂದು ತಾಸು ನನ್ನ ಗಾಯನ. ಒಪ್ಪಿಗಿ ಇದ್ರ ಬರ್ತೇನಿ.”

“ಆತವಾ, ಅದಕ್ಕೇನಂತ” ಎಂದೆ.

ಹಾಗೆಂದು ಫೋನ್ ಇಟ್ಟವನು ಮಾಡಿದ್ದೇನು? ಗ್ರೂಪಿಗೆ ಒಂದು ವಿಡಿಯೋ ಹಾಕಿದೆ. ಹಳೆಯದು, ಎರಡು ಜಡೆಯ ಹುಡುಗಿ ಗುಬ್ಬಿ ಹಾಡು ಹಾಡುವುದು. ಕೆಳಗೆ ‘ನಮ್ಮ ಕಾರ್ಯಕ್ರಮಕ್ಕೆ ಇವಳೇ ಬರುತ್ತಾಳೆ’ ಎಂದು ಬರೆದೆ. ಕೈಮುಗಿದ ಚಿತ್ರಗಳು, ಹೃದಯಗಳು ಸಾಲುಗಟ್ಟಿದವು. ಶರತ್ತಿನ ವಿಷಯ ಮಾತ್ರ ಹೇಳಲಿಲ್ಲ. ಅಲ್ಲಿಗೆ ಹೋದ ಮೇಲೆ ನೋಡಿದರಾಯಿತು ಎಂದುಕೊಂಡೆ. (ಎರಡೂ ಕಡೆ ಹೂಂ ಅನ್ನುವುದು ನನ್ನ ಹಳೆಯ ರೋಗ. ಮನೆಯಲ್ಲಿ ಕೇಳಿ, ಹೇಳುತ್ತಾರೆ.)

ಗುಬ್ಬಿ ಹಾಡಿನ ಕಾಲದಲ್ಲಿ ಮಲ್ಲಪ್ಪ ಸೊಲ್ಲಾಪುರದಲ್ಲಿದ್ದ. ಅವನಿಗೇನು ಗೊತ್ತು? ಮೊಬೈಲಿನಲ್ಲಿ ಬಂದದ್ದೆಲ್ಲ ಇವತ್ತಿನದೇ ಅಲ್ಲವೇ? ವಿಡಿಯೋ ನೋಡಿದ, ಅಂದಾಜಿನ ಮೇಲೆ ಒಂದು ಫ್ರಾಕು ತೆಗೆದಿಟ್ಟ. ಬ್ಯಾನರ್ ಮಾಡಿಸಿದವರೂ ವರ್ಷದ ಲೆಕ್ಕ ಹಾಕದೆ ಅದೇ ವಿಡಿಯೋದಿಂದ ಎರಡು ಜಡೆಯ ಫೋಟೋ ತೆಗೆದು ಹಾಕಿಸಿದರು. ವೇದಿಕೆಯ ನಡುವೆ ಎಂಟನೇ ತರಗತಿಯಿಂದ ಹೊತ್ತು ತಂದ ಒಂದು ಮೇಜು. ಮೇಲೆ ಹಸಿರು ಬಟ್ಟೆ ಬೇರೆ.

ಕಾರಿನಿಂದ ಇಳಿದವಳು ಬ್ಯಾನರ್ ನೋಡಿದಳು. ಮೇಜು ನೋಡಿದಳು. ಆಗಲೇ ಮಲ್ಲಪ್ಪ ಬಂದು ಆ ಪ್ರಶ್ನೆ ಕೇಳಿದ್ದು.

ಆಕೆ ಸಿಟ್ಟಾಗಲಿಲ್ಲ. ತನ್ನ ಆ ತುಂಬು ಧ್ವನಿಯಲ್ಲಿ ನಿಧಾನಕ್ಕೆ, “ಬೇಬಿ ಬಂದಿಲ್ರಿ. ನಾನ ಬಂದೇನಿ” ಎಂದಳು.

ಮಲ್ಲಪ್ಪ ಪೊಟ್ಟಣವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಾನು ಎಲ್ಲಿ ಬಚ್ಚಿಟ್ಟುಕೊಳ್ಳಲಿ?

ಪಕ್ಕಕ್ಕೆ ಕರೆದು ಆಕೆ ನನಗೆ ಹೇಳಿದ್ದು ಇಷ್ಟು. “ಸರ, ಪುಣೆದ ಒಂದು ಸಂಗೀತ ಶಾಲೆಯಿಂದ ಕೆಲಸಕ್ಕ ಕರದಾರ. ಈ ವಾರ ಹೇಳಬೇಕು. ನನಗ ಇಲ್ಲೇ ಇರಬೇಕಂತ ಆಸೆ ಐತ್ರಿ. ಆದ್ರ ನಮ್ಮ ಮಂದಿ ಒಂದು ಸಲನೂ ನನ್ನ ಹಾಡು ಕೇಳಿಲ್ಲ. ಇವತ್ತು ಒಂದು ತಾಸು ಕುಂತು ಕೇಳಿದ್ರ ಇರ್ತೇನಿ. ಇಲ್ಲಂದ್ರ ಹೊಂಟೇನಿ.”

ಅಂದರೆ ಆ ಹುಡುಗಿ ಊರು ಬಿಡುವುದೋ ಉಳಿಯುವುದೋ ನನ್ನ ಗೆಳೆಯರ ಕಿವಿಯ ಮೇಲೆ ನಿಂತಿತ್ತು. ನನ್ನ ಗೆಳೆಯರ ಕಿವಿ ನನಗೆ ಗೊತ್ತು. ಹೊಟ್ಟೆಗೆ ಉಂಡ ಮೇಲೆ ಮಾತ್ರ ತೆರೆಯುತ್ತವೆ.

ಕಾರ್ಯಕ್ರಮ ಎಂದಿನಂತೆ ತಡ. ಹನ್ನೊಂದಕ್ಕೆ ಇದ್ದ ಗಾಯನದ ಸರದಿ ಬಂದದ್ದು ಒಂದೂವರೆಗೆ. ಹೊರಗೆ ಗೋಧಿ ಹುಗ್ಗಿ ಕುದಿದು ಘಮ ಬರುತ್ತಿತ್ತು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಸಿದ್ಧ. ಅಂಥ ಹೊತ್ತಿನಲ್ಲಿ ಒಂದು ತಾಸು ಶಾಸ್ತ್ರೀಯ ಸಂಗೀತ! ಹುಗ್ಗಿಯ ಎದುರು ಗೆದ್ದ ಗಾಯಕರು ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಇದ್ದಾರೆ?

ನೀಲಾಂಬಿಕಾ ಮೇಜನ್ನು ಪಕ್ಕಕ್ಕೆ ಸರಿಸಲು ಹೇಳಿದಳು. ಜಮಖಾನದ ಮೇಲೆ ಕೂತಳು. “ಮಧ್ಯಾಹ್ನದ ಹೊತ್ತು ಆತು. ಭೀಮಪಲಾಸಿ ಹಾಡ್ತೇನ್ರಿ” ಎಂದು ತಂಬೂರಿಗೆ ಕಿವಿಗೊಟ್ಟು ಆಲಾಪ ಶುರು ಮಾಡಿದಳು.

ಐದು ನಿಮಿಷವಾಗಿರಬಹುದು. ಹಿಂದಿನಿಂದ ಒಂದು ಕೂಗು.

“ಅಕ್ಕಾರ, ಗುಬ್ಬಿ ಹಾಡು ಹಚ್ರೀ!”

ಚಪ್ಪಾಳೆ. ಸಿಳ್ಳೆ. ಇನ್ನೂ ನಾಲ್ಕು ಧ್ವನಿಗಳು, “ಗುಬ್ಬಿ! ಗುಬ್ಬಿ!” ಇದೇ ಸಮಯ ಎಂದು ಕೆಲವರು ಊಟದ ಕಡೆ ಎದ್ದರು. ಆಕೆ ಹಾಡು ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ಬೈಗುಳವೂ ಇಲ್ಲ, ಬೇಡಿಕೆಯೂ ಇಲ್ಲ, ಸುಮ್ಮನೆ ನೋಡಿದಳು. ಹದಿನಾಲ್ಕು ವರ್ಷದ ಹುಡುಗಿ ಸಿಂದಗಿಯ ವೇದಿಕೆಯಿಂದ ಹೀಗೆಯೇ ನೋಡಿದ್ದಿರಬೇಕು. ಆಗ ನಾನು ನಗುವುದರಲ್ಲಿದ್ದೆ, ಕಂಡಿರಲಿಲ್ಲ.

ಹೋಗಿ ಮೈಕು ಹಿಡಿದೆ.

“ದೋಸ್ತರ, ತಪ್ಪು ನಂದು. ಗುಬ್ಬಿ ಹಾಡು ಹಾಡಂಗಿಲ್ಲಂತ ಈಕಿ ಮೊದಲ ಹೇಳಿದ್ಲು. ಒಂದು ತಾಸು ನಿನ್ನ ಗಾಯನ ಅಂತ ನಾನ ಮಾತು ಕೊಟ್ಟೆ, ನಿಮಗ ಮುಚ್ಚಿಟ್ಟೆ. ಬೈಯೋದಿದ್ರ ನನಗ ಬೈರಿ. ಹುಗ್ಗಿ ಒಂದು ತಾಸು ಕಾದ್ರ ಏನೂ ಆಗಂಗಿಲ್ಲ. ಕುಂದರ್ರಿ.”

“ಲೇ ಶಿವ್ಯಾ, ನೀ ಆವಾಗ್ಲೂ ಹಿಂಗ ಇದ್ದೆಲ್ಲೋ!” ಎಂದು ಯಾರೋ ಕೂಗಿದರು. ಜನ ನಕ್ಕರು. ಈ ಸಲ ನಗು ನನ್ನ ಮೇಲಿತ್ತು. ಸಂತೋಷವಾಯಿತು. ಎದ್ದವರಲ್ಲಿ ಅರ್ಧ ಮಂದಿ ಕೂತರು, ಇನ್ನರ್ಧ ಹೊರಗೆ ಹೋದರು.

ಆಕೆ ಕಣ್ಣು ಮುಚ್ಚಿ ಮತ್ತೆ ಎತ್ತಿಕೊಂಡಳು.

ಸಂಗೀತದ ಬಗ್ಗೆ ಬರೆಯುವಷ್ಟು ನಾನು ತಿಳಿದವನಲ್ಲ. ಕಂಡದ್ದನ್ನು ಹೇಳುತ್ತೇನೆ. ಆಕೆ ಕೆಳಗೆ ಇಳಿದಳು. ಇನ್ನೂ ಕೆಳಗೆ. ಒಂಬತ್ತು ವರ್ಷದ ಯಾವ ಹುಡುಗಿಗೂ ನಿಲುಕದ ಆಳದಲ್ಲಿ ಒಂದು ಸ್ವರದ ಮೇಲೆ ನಿಂತುಬಿಟ್ಟಳು. ಯಾವುದಕ್ಕೆ ಜನ ನಕ್ಕಿದ್ದರೋ ಅದೇ ಧ್ವನಿ. ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವನು ಅದನ್ನು ಜೇಬಿಗಿಟ್ಟ. ತಬಲಾ ಸೇರಿತು. ಊಟಕ್ಕೆ ಹೋದವರು ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಕೈಯಲ್ಲಿ ಹಿಟ್ಟು ಇದ್ದಂತೆಯೇ ಕಿಟಕಿಗೆ ಬಂದರು. ವೇಗದ ದ್ರುತಕ್ಕೆ ಬಂದಾಗ, ಆಕೆಯ ತಾನ ಕೆಳಗಿನಿಂದ ಎದ್ದು ಮೇಲಿನ ಷಡ್ಜಕ್ಕೆ ಹೋಗಿ ಬಡಿದಾಗ, ನಮ್ಮ ಮಲ್ಲಪ್ಪ ಅಂಗಡಿ, ಫ್ರಾಕು ಎಲ್ಲ ಮರೆತು “ವಾಹ್ವಾ!” ಎಂದು ಕುರ್ಚಿಯಿಂದ ಎದ್ದೇಬಿಟ್ಟ.

ನನ್ನ ಕಣ್ಣು ತುಂಬಿ ಬಂತು. ತಡೆಯಲು ಹೋಗಲಿಲ್ಲ.

ಒಂದು ತಾಸು ಎಂದವಳು ನಿಲ್ಲಿಸಿದಾಗ ಗಂಟೆ ಮೂರೂ ಕಾಲು. ಆಗ ಮತ್ತೆ ಕೂಗು ಎದ್ದಿತು. ಆದರೆ ಈ ಸಲ ಗುಬ್ಬಿ ಇರಲಿಲ್ಲ. “ಇನ್ನೊಂದು! ಇನ್ನೊಂದು!” ಎನ್ನುತ್ತಿದ್ದರು, ಅಷ್ಟೇ. ತನ್ನ ಅಜ್ಜಿ ಹೊಲದಲ್ಲಿ ಹಾಡುತ್ತಿದ್ದ ಒಂದು ತತ್ವಪದ ಹಾಡಿದಳು. ಹುಗ್ಗಿ ತಳ ಹಿಡಿಯಿತು. ಒಬ್ಬರೂ ದೂರಲಿಲ್ಲ. (ನಮ್ಮ ಬ್ಯಾಚಿನ ಇತಿಹಾಸದಲ್ಲಿ ಇದು ಮೊದಲು.)

ಸನ್ಮಾನ ಮಾಡೋಣವೆಂದರೆ ಶಾಲುಗಳೆಲ್ಲ ಮಾಸ್ತರರಿಗೆ ಮುಗಿದಿದ್ದವು. ಬೇಬಿಗೆ ಫ್ರಾಕು ಇದೆಯಲ್ಲ ಎಂದು ಬೇರೆ ತಂದಿರಲಿಲ್ಲ. ಎಲ್ಲರೂ ಮುಖ ಮುಖ ನೋಡುತ್ತಿದ್ದಾಗ ಗಣಿತದ ದೇಸಾಯಿ ಮಾಸ್ತರರು ಕೋಲೂರಿಕೊಂಡು ಎದ್ದರು. ಎಂಬತ್ತು ದಾಟಿದ ಜೀವ. ಬೆಳಿಗ್ಗೆ ನಾವು ಹೊದಿಸಿದ್ದ ಶಾಲನ್ನು ತೆಗೆದು ಆಕೆಗೆ ಹೊದಿಸಿದರು.

“ನಾ ಮೂವತ್ತು ವರ್ಷ ಕಲಿಸೇನಿ. ಬೆತ್ತ ಹಿಡದು ನಿಂತ್ರೂ ಈ ಮಕ್ಕಳು ಇಷ್ಟು ಸುಮ್ಮ ಕುಂತಿರ್ಲಿಲ್ಲ. ನೀ ಬರೇ ಕುಂತು ಕೂಡಿಸಿದಿಯಲ್ಲ ತಾಯಿ!”

ಆಕೆ ಆ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ನಕ್ಕಳು. ಫೋಟೋ ತೆಗೆಸಿಕೊಳ್ಳಲು ನೂಕುನುಗ್ಗಲು. ಬ್ಯಾನರಿನ ಮುಂದೆ ಮಾತ್ರ ಬೇಡ ಎಂದಳು. ನಮ್ಮ ಪೈಕಿ ಇಂಗಳೇಶ್ವರದ ಒಬ್ಬ ಅಲ್ಲೇ ಹಿಡಿದು ನಿಲ್ಲಿಸಿ, “ನಮ್ಮೂರಿಗಿ ಬರಬೇಕ್ರಿ. ಆದ್ರ ಒಂದು ತಾಸು ಅಂದ್ರ ನಮಗ ಸಾಲಂಗಿಲ್ಲ, ಮೊದಲ ಹೇಳಿರ್ತೇನಿ” ಎಂದ. ನೋಡಿದಿರಾ, ಈಗ ಶರತ್ತು ಹಾಕುವವರು ಕೇಳುವವರು!

ಬುಧವಾರ ಫೋನ್ ಬಂತು.

“ಸರ, ಪುಣೆದವರಿಗೆ ಬರಂಗಿಲ್ಲ ಅಂತ ಹೇಳಿಬಿಟ್ಟೆ.”

ಧ್ವನಿ ಎಷ್ಟು ಗಟ್ಟಿಯಾಗಿತ್ತೆಂದರೆ, ಪಕ್ಕದ ಕೋಣೆಯಲ್ಲಿದ್ದ ನನ್ನ ಹೆಂಡತಿಗೂ ಕೇಳಿಸಿತು.

ಎದುರಿಗೆ ಸಿಕ್ಕ ಪ್ರತಿ ಮಗುವನ್ನೂ ‘ದೊಡ್ಡವಳಾದ ಮೇಲೆ ಏನಾಗ್ತೀ’ ಎಂದು ಕೇಳುತ್ತೇವಲ್ಲ, ಆಕೆ ದೊಡ್ಡವಳಾಗಿ ಬಂದು ಹೇಳತೊಡಗಿದರೆ ಕೂತು ಕೇಳಲು ನಮಗೇನು ಧಾಡಿ?