ಖಾಲಿ ಡ್ರಮ್ಮಿನ ಸದ್ದು

ಹೋದ ವಾರ ಮಗಳ ಬಾಣಂತನ ಮುಗಿಸಿಕೊಂಡು ಬಂಗಾರಪೇಟೆಯ ಮನೆಗೆ ಹಿಂದಿರುಗಿದೆ. ಬೀಗ ತೆಗೆದು, ಕಿಟಕಿಗಳನ್ನೆಲ್ಲ ತೆರೆದು, ಗಂಟುಗಟ್ಟಲೆ ತಂದಿದ್ದ ಬಟ್ಟೆ ಒಗೆಯಲು ಹಾಕೋಣವೆಂದು ವಾಷಿಂಗ್ ಮೆಷಿನ್ನಿನ ಬಾಗಿಲು ಎಳೆದೆ. ಒಳಗಿನ ವಾಸನೆ ಮುಖಕ್ಕೆ ಬಡಿಯಿತು. ಕೊಳೆತ ರಬ್ಬರು, ಹಳೆಯ ಸೋಪು, ಮುಗ್ಗಲು... ಹೊರಡುವ ಅವಸರದಲ್ಲಿ ನಮ್ಮ ಯಜಮಾನರು ಅದರ ಬಾಗಿಲನ್ನು ಗಟ್ಟಿಯಾಗಿ ಮುಚ್ಚಿಬಿಟ್ಟಿದ್ದರು. ಬೈಯಲೆಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಆ ವಾಸನೆಯ ಹಿಂದೆಯೇ ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಪಕ್ಕದ ಮನೆಯ ಅಕ್ಕ ಬಂದು ನಿಂತಿದ್ದಳು, ಬಲಗೈಗೆ ಪುತ್ತೂರು ಕಟ್ಟು ಕಟ್ಟಿಸಿಕೊಂಡು.

ಆಗ ನಾನು ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಟೀಚರು. ಗಣಿ ಮುಚ್ಚಿ ವರ್ಷಗಳಾಗಿದ್ದವು. ಗಣಿಯವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದೆವು. ಅಕ್ಕನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವಳು ಒಗ್ಗರಣೆ ಹಾಕಿದರೆ ನನಗೆ ಸೀನು. ಅವಳು ಬೂದಿಕೋಟೆ ಕಡೆಯ ಒಕ್ಕಲು ಮನೆತನದವಳು. ಅವಳ ಗಂಡ, ನನ್ನ ಬಾಯಲ್ಲಿ ಭಾವ, ಗಣಿ ನಡೆಯುತ್ತಿದ್ದಾಗ ಆಳುಗಳನ್ನು ಕೆಳಗಿಳಿಸಿ ಮೇಲೆತ್ತುವ ಇಂಜಿನ್ ಮನೆಯಲ್ಲಿ ಕೆಲಸಕ್ಕಿದ್ದವರು. ಆಮೇಲೆ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿಕೊಂಡು ವಾಚ್‌ಮನ್ ಕೆಲಸ ಮಾಡಿದರು. ಮಾತು ಕಡಿಮೆ, ಕಿವಿ ಬಲು ಚುರುಕು. ನಮ್ಮ ಮಿಕ್ಸಿ ತಿರುಗುವುದನ್ನು ಗೋಡೆಯಾಚೆಯಿಂದಲೇ ಕೇಳಿ ಅದರ ಬುಷ್ ಸವೆದಿದೆ ಎನ್ನುತ್ತಿದ್ದರು, ಸ್ವಲ್ಪ ದಿನಕ್ಕೆ ಅದು ನಿಂತೇ ಹೋಗುತ್ತಿತ್ತು. ಅವರ ಬಾಯಿಗೆ ಹೆದರಿ ನಾನು ಚಟ್ನಿಯನ್ನು ಒರಳಲ್ಲೇ ರುಬ್ಬಿದ್ದುಂಟು.

ಅಕ್ಕನ ಮನೆಯಲ್ಲೊಂದು ಮೆಷಿನ್ ಇತ್ತು. ಮುಂದುಗಡೆ ದುಂಡನೆಯ ಗಾಜಿನ ಬಾಗಿಲಿನದು. ಬಂಗಾರಪೇಟೆಯಲ್ಲಿ ಅವಳು ಅಡುಗೆ ಕೆಲಸಕ್ಕೆ ಹೋಗುತ್ತಿದ್ದ ಮನೆಯವರು ಹೊಸದು ತಂದು ಹಳೆಯದನ್ನು ಇವಳಿಗೆ ಕೊಟ್ಟಿದ್ದರು. ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದು, ಕೆಲವು ತಿಂಗಳು ಮೆರೆಸಿದಳು. ಅಷ್ಟರಲ್ಲಿ ಬೀದಿಯ ಬೋರು ಬತ್ತಿತು, ನಲ್ಲಿ ನೀರು ಅಪರೂಪವಾಯಿತು, ಮೆಷಿನ್ ಮೂಲೆ ಸೇರಿತು. ನಮ್ಮಲ್ಲಿ ಯಾವುದನ್ನೂ ತೆರೆದಿಡುವ ಹಾಗಿರಲಿಲ್ಲ. ಗಣಿಯಿಂದ ತೆಗೆದು ಸುರಿದ ಸೈನೈಡ್ ದಿಬ್ಬಗಳಿಂದ ಆಷಾಢದ ಗಾಳಿ ಬೂದು ಬಣ್ಣದ ಪುಡಿಯನ್ನು ಹೊತ್ತು ತಂದು ಅನ್ನದ ತಪ್ಪಲೆಗೂ ಹಾಕುತ್ತಿತ್ತು. ಹಾಗಾಗಿ ಅಕ್ಕ ಕೊನೆಯ ಸಲ ಒಗೆದವಳೇ ಮೆಷಿನ್ನಿನ ಬಾಗಿಲು ಮುಚ್ಚಿ, ಮೇಲೆ ದಪ್ಪ ಕಂಬಳಿ ಹೊದಿಸಿ, ಹಗ್ಗದಲ್ಲಿ ಬಿಗಿದಿದ್ದಳು. ಧೂಳು ಒಳಗೆ ಹೋಗಲಿಲ್ಲ, ನಿಜ. ಒಳಗಿದ್ದ ತೇವವೂ ಹೊರಗೆ ಬರಲಿಲ್ಲ. ವರ್ಷಗಟ್ಟಲೆ ಅದು ಒಳಗೊಳಗೇ ಕೊಳೆಯಿತು. ಆ ಬೀದಿಯಲ್ಲಿ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು.

ಭಾವನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಮಾತು ತೊದಲಿತು, ಹಾಸಿಗೆಯಲ್ಲೇ ಎಲ್ಲ ಆಗತೊಡಗಿತು. ಅಕ್ಕ ಹಗಲೆಲ್ಲ ಬಟ್ಟೆ ಒಗೆಯುವ ಕಲ್ಲಿನ ಮುಂದೆಯೇ ಇರುತ್ತಿದ್ದಳು. ಗಾಯದ ಮೇಲೆ ಬರೆ ಎಳೆದಂತೆ, ಒಂದು ಬೆಳಿಗ್ಗೆ ಅದೇ ಕಲ್ಲಿನ ಹತ್ತಿರ ಪಾಚಿಯಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಪುತ್ತೂರು ಕಟ್ಟು ಹಾಕಿದವರು ಕೈ ನೀರಿಗೆ ಇಡಲೇಬಾರದೆಂದರು. ಅದರ ಮಾರನೆಯ ದಿನದಿಂದ ಭಾವ ನೀರು ಕುಡಿಯುವುದನ್ನು ನಿಲ್ಲಿಸಿದರು.

ನನಗೆ ಮೊದಲು ಅರ್ಥವಾಗಲಿಲ್ಲ. ಹಟ ಅಂದುಕೊಂಡೆ. ಅಕ್ಕ ನಮ್ಮ ಹೊಸ್ತಿಲ ಮೇಲೆ ಕೂತು ಹೇಳಿದಳು.

"ಆಯಪ್ಪ ಬಾಯಿ ಬಿಡ್ತಿಲ್ಲ ಕಣಮ್ಮ. ಕುಡುದ್ರೆ ಆಸ್ಗೆ ಒದ್ದೆ ಆಯ್ತದೆ, ಒದ್ದೆ ಆದ್ರೆ ನಾನು ಈ ಕೈಯಾಗೆ ಒಗೀಬೇಕು ಅಂತ. ಒಣಗ್ಕೊಂಡೇ ಸಾಯ್ತೀನಿ ಅಂತ ಕುಂತವ್ರೆ."

ನಾನು ಒಗೆದುಕೊಡುತ್ತೇನೆಂದೆ. ಭಾವ ಗೋಡೆ ಕಡೆ ಮುಖ ತಿರುಗಿಸಿದರು. ಪರರ ಮನೆ ಹೆಣ್ಣುಮಗಳ ಕೈಗೆ ತಮ್ಮ ಹೊಲಸು ಹೋಗುವುದು ಅವರಿಗೆ ಸಾವಿಗಿಂತ ಕಡೆ. ದೊಡ್ಡವರ ಡೈಪರ್ ತಂದರೆ ಬದುಕಿದ್ದ ಎಡಗೈಯಿಂದಲೇ ಕಿತ್ತೆಸೆದರು. ಡಾಕ್ಟರು ಬಂದು ಚರ್ಮ ಚಿವುಟಿ ನೋಡಿ, ನೀರು ಹೋಗದಿದ್ದರೆ ಹೆಚ್ಚು ದಿನ ಇಲ್ಲ ಎಂದು ಹೇಳಿ ಹೋದರು. ತುಟಿಯ ಮೇಲೆ ಒದ್ದೆ ಬಟ್ಟೆ ಇಟ್ಟರೂ ಭಾವ ಹಲ್ಲು ಕಚ್ಚುತ್ತಿದ್ದರು. ಅಕ್ಕ ಲೋಟ ಹಿಡಿದು ಅವರ ಮುಂದೆ ಕೂತು ಬೇಡುವುದು ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು.

ಮೆಷಿನ್ ನೆನಪಾದದ್ದು ಆಗ. ಅದು ಒಗೆದರೆ ಯಾರ ಕೈಯೂ ನೋಯುವುದಿಲ್ಲವಲ್ಲ! ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಬಂಗಾರಪೇಟೆಯಿಂದ ರಿಪೇರಿಯವನನ್ನು ಕರೆಸಿದೆ. ಅವನು ಕಂಬಳಿ ಎತ್ತಿ, ಬಾಗಿಲು ತೆಗೆದು, ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದ. ಒಳಗೆ ಬೇರಿಂಗ್ ತುಕ್ಕು ಹಿಡಿದಿದೆ, ಈ ಮಾಡೆಲ್ಲಿಗೆ ಸಾಮಾನು ಸಿಗುವುದಿಲ್ಲ, ಗುಜರಿಗೆ ಹಾಕಿ ಎಂದ. ನಾನು ಅವನ ಮೇಲೆ ರೇಗಿದೆ. ಅಕ್ಕ ರೇಗಲಿಲ್ಲ. ಅವನ ದಾರಿಗೆ ಅಡ್ಡ ನಿಂತು, ಎಲ್ಲೆಲ್ಲಿ ಬಿಚ್ಚಬೇಕು ಅಷ್ಟು ಮಾತ್ರ ಹೇಳಿ ಹೋಗಪ್ಪ ಎಂದು ಎಡಗೈಯಿಂದ ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ಗಾಬರಿಯಾಗಿ, ಕೂತು, ಒಂದೊಂದಾಗಿ ತೋರಿಸಿಕೊಟ್ಟು ಹೋದ.

ಹಳೇ ಗಂಡನ ಪಾದವೇ ಗತಿ ಎಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅದರ ಮುಂದೆ ಕೂತೆವು. ಕೆಳಗಿನ ಮೂಲೆಯ ಸಣ್ಣ ಮುಚ್ಚಳ ತೆಗೆದು ಒಳಗಿನ ಜಾಲರಿ ಬಿರಡೆಯನ್ನು ತಿರುಗಿಸಿದರೆ ಅಲ್ಲಾಡಲಿಲ್ಲ. ಬಿಸಿನೀರು ಸುರಿದು, ಬಟ್ಟೆ ಸುತ್ತಿ, ನಾನು ಕಾಲು ಗೋಡೆಗೆ ಒದ್ದುಕೊಂಡು ತಿರುಗಿಸಿದೆ. ಒಮ್ಮೆಗೇ ಬಿಟ್ಟುಕೊಂಡು ಕಪ್ಪು ನೀರು ನಡುಮನೆಗೆಲ್ಲ ಹರಿಯಿತು. ಅದರ ಜೊತೆ ಕೂದಲ ಉಂಡೆ, ಗುಂಡಿ, ಒಂದು ಹಿಡಿ ಬೂದು ಮರಳು. ಅಷ್ಟೆಲ್ಲ ಕಂಬಳಿ ಹೊದಿಸಿದರೂ ದಿಬ್ಬದ ಮರಳು ಬಟ್ಟೆಗಳ ಜೊತೆ ಮೊದಲೇ ಒಳಗೆ ಹೋಗಿ ಕೂತಿತ್ತು. ಅಕ್ಕ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕೆ ಕೊಡವಿದಳು.

ಬಾಗಿಲ ಸುತ್ತ ದಪ್ಪ ರಬ್ಬರಿನ ಬಳೆಯಿರುತ್ತದೆ. ಅದರ ಮಡಿಕೆ ಬಿಡಿಸಿದರೆ ಒಳಗೆ ಕಪ್ಪು ಲೋಳೆ. ಹಳೆಯ ಬನಿಯನ್ ಚೂರನ್ನು ಕರೆ ತೆಗೆಯುವ ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿ ಒರೆಸಿದೆವು, ಮತ್ತೆ ಒರೆಸಿದೆವು. ಸೋಪಿನ ಪುಡಿ ಹಾಕುವ ಡ್ರಾಯರ್ ಕಲ್ಲಾಗಿತ್ತು, ಅದನ್ನು ಬಕೆಟ್ಟಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ನೀರು ಬರುವ ಪೈಪಿನ ಜಾಲರಿಯಲ್ಲಿ ಬೋರಿನ ಉಪ್ಪು ಸುಣ್ಣದಂತೆ ಕಟ್ಟಿತ್ತು. ನಡುವೆ ಅಕ್ಕ ಎದ್ದು ಎದ್ದು ಹೋಗಿ ಭಾವನ ತುಟಿ ನೋಡಿ ಬರುತ್ತಿದ್ದಳು. ತುಟಿ ಒಡೆದು ರಕ್ತ ಜಿನುಗಿತ್ತು. ಇದು ತಿರುಗದಿದ್ದರೆ ಆ ಮನುಷ್ಯ ನಮ್ಮ ಕಣ್ಣೆದುರೇ ಬಾಯಾರಿ ಸಾಯುತ್ತಾರೆ ಎನ್ನುವ ಒಂದೇ ಯೋಚನೆ ತಲೆಯಲ್ಲಿ ಕೊರೆಯುತ್ತಿತ್ತು.

ನಲ್ಲಿಯಲ್ಲಿ ನೀರೆಲ್ಲಿಂದ ಬರಬೇಕು? ಡ್ರಮ್ಮಿಗೆ ಒಂದಿಷ್ಟು ನಿಂಬೆ ಉಪ್ಪು ಹಾಕಿ, ಡ್ರಾಯರಿನ ಸಂದಿಯಿಂದ ಬಿಂದಿಗೆಯಲ್ಲಿ ನೀರು ಸುರಿದು, ಸ್ವಿಚ್ಚು ಒತ್ತಿದೆ. ಮೆಷಿನ್ ತಿಣುಕಿತು. ನಿಂತಿತು. ಅಕ್ಕ ಅದರ ನೆತ್ತಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಡ್ರಮ್ಮು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು, ಗೂಡ್ಸ್ ಗಾಡಿ ಹೋದ ಹಾಗೆ ಗಡಗಡ ಸದ್ದು. ಕೋಣೆಯಿಂದ ಭಾವ ಏನೋ ತೊದಲಿದರು. ಹೋಗಿ ನೋಡಿದರೆ ಎಡಗೈ ಎತ್ತಿ ಬೆರಳಾಡಿಸುತ್ತಿದ್ದಾರೆ. ಒಳಗೇನೋ ಸಿಕ್ಕಿದೆ ಎಂದು ಹೇಳುತ್ತಿದ್ದರು. ನಿಲ್ಲಿಸಿ ನೀರು ಹೊರಬಿಟ್ಟು ಹುಡುಕಿದೆ. ರಬ್ಬರಿನ ಸಂದಿಯಿಂದ ಜಾರಿದ ಒಂದು ಹೇರ್‌ಪಿನ್ನು ಸಿಕ್ಕಿತು!

ಆ ಮಧ್ಯಾಹ್ನ ಮೊದಲ ದುಪ್ಪಟಿ ಒಗೆದು ಬಂದಾಗ ಅಕ್ಕ ಅದನ್ನು ಭಾವನ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಲೋಟ ಹಿಡಿದಳು. ಅವರು ಕುಡಿದರು. ಇನ್ನೊಂದು ಲೋಟ ಕೇಳಿ ಕುಡಿದರು. ನಾನು ಹೊರಗೆ ಬಂದು ಬಟ್ಟೆ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಒಗೆದಾದ ಮೇಲೆ ಬಾಗಿಲು ತೆರೆದೇ ಇಡಬೇಕೆಂದು ರಿಪೇರಿಯವನು ಹೇಳಿ ಹೋಗಿದ್ದ. ಅಕ್ಕನಿಗೆ ಅದೇ ದೊಡ್ಡ ಸಂಕಟ. ಧೂಳಿನ ಊರಿನಲ್ಲಿ ಬಾಯಿ ತೆರೆದಿಟ್ಟರೆ ಹೇಗೆ ಎಂದು ನನ್ನೊಡನೆ ಜಗಳವಾಡಿ, ಕೊನೆಗೆ ಭಾವನ ತೆಳ್ಳನೆಯ ಪಂಚೆಯೊಂದನ್ನು ಆ ದುಂಡು ಬಾಯಿಗೆ ಪರದೆಯಂತೆ ಇಳಿಬಿಟ್ಟಳು. ಗಾಳಿಯೂ ಆಡಬೇಕು, ಧೂಳೂ ಹೋಗಬಾರದು. ಹೊಸ ಮದುಮಗಳ ಹಾಗೆ ಕೂತಿದೆ ನಿನ್ನ ಮೆಷಿನ್ನು ಎಂದು ನಾನು ರೇಗಿಸಿದರೆ ನಗುತ್ತಿದ್ದಳು. ಆ ಮನೆಯಲ್ಲಿ ನಗು ಕೇಳಿದ್ದು ಆ ದಿನಗಳಲ್ಲೇ...

ಹೆಚ್ಚು ದಿನ ನಡೆಯಲಿಲ್ಲ. ತುಕ್ಕು ಹಿಡಿದ ಬೇರಿಂಗು ಒಂದು ಕಡೆ, ಹಿಂದಿನ ಬೆಲ್ಟು ಸವೆದದ್ದು ಇನ್ನೊಂದು ಕಡೆ. ಒದ್ದೆ ದುಪ್ಪಟಿ ಹಾಕಿದರೆ ಬೆಲ್ಟು ಜಾರಿ ಡ್ರಮ್ಮು ನಿಂತುಬಿಡುತ್ತಿತ್ತು. ಬೆಂಗಳೂರಿಗೆ ಓಡಾಡುವವರ ಕೈಲಿ ಬೆಲ್ಟು ತರಿಸಿದೆವು, ಉದ್ದವಾಯಿತು; ಇನ್ನೊಂದು ತರಿಸಿದೆವು, ಗಿಡ್ಡವಾಯಿತು. ಮೆಷಿನ್ನಿನ ಸದ್ದು ನಿಂತ ದಿನವೇ ಭಾವ ಮತ್ತೆ ಹಲ್ಲು ಕಚ್ಚಿದರು. ಅಕ್ಕನ ಕಟ್ಟು ಬಿಚ್ಚಿದ್ದರೂ ಕೈ ಸೊಟ್ಟಗೆ ಕೂಡಿಕೊಂಡು ಹಿಂಡುವ ಶಕ್ತಿ ಹೋಗಿತ್ತು. ಮತ್ತೆ ಅದೇ ಲೋಟ, ಅದೇ ಬೇಡಿಕೆ. ಈ ಸಲ ನನಗೂ ದಾರಿ ತೋಚಲಿಲ್ಲ. ದೇವರೇ, ಒಂದು ಬೆಲ್ಟಿಗೆ ಒಬ್ಬ ಮನುಷ್ಯನ ಪ್ರಾಣವೇ ಎಂದು ಒಬ್ಬಳೇ ಕೂಗಿಕೊಂಡದ್ದು ನೆನಪಿದೆ.

ಹೀಗಿರುವಾಗ ಒಂದು ಮಧ್ಯಾಹ್ನ ಗೋಡೆಯಾಚೆ ಗಡಗಡ ಸದ್ದು ಕೇಳಿ ಶಾಲೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಓಡಿದೆ. ಮೆಷಿನ್ ತಿರುಗುತ್ತಿತ್ತು. ಗಾಜಿನೊಳಗೆ ಬಗ್ಗಿ ನೋಡಿದೆ. ಬಟ್ಟೆಯಿರಲಿಲ್ಲ, ನೀರಿರಲಿಲ್ಲ. ಖಾಲಿ ಡ್ರಮ್ಮನ್ನು ತಿರುಗಿಸಲು ಆ ಸವೆದ ಬೆಲ್ಟಿಗೆ ಇನ್ನೂ ಶಕ್ತಿಯಿತ್ತು. ಹಿತ್ತಲಲ್ಲಿ ಅಕ್ಕ ದುಪ್ಪಟಿಯನ್ನು ಬಕೆಟ್ಟಿನಲ್ಲಿ ಹಾಕಿ ಕಾಲಲ್ಲಿ ತುಳಿಯುತ್ತಿದ್ದಳು, ಸದ್ದಾಗದ ಹಾಗೆ. ನನ್ನನ್ನು ನೋಡಿ ಎಡಗೈ ಬೆರಳನ್ನು ತುಟಿಯ ಮೇಲಿಟ್ಟಳು.

ಅಂದಿನಿಂದ ದಿನವೂ ಊಟದ ಹೊತ್ತಿಗೆ ಆ ಮನೆಯಲ್ಲಿ ಖಾಲಿ ಮೆಷಿನ್ ತಿರುಗುತ್ತಿತ್ತು. ಅದರ ಸದ್ದಿನ ನಡುವೆ ಅಕ್ಕ ಲೋಟ ಹಿಡಿಯುತ್ತಿದ್ದಳು. ಭಾವ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು. ಸಾಯುವ ಹಿಂದಿನ ದಿನವೂ ಕುಡಿದರು.

ಅವರು ಹೋದ ಮೇಲೆ ಅಕ್ಕನ ತಮ್ಮ ಬಂದು ಅವಳನ್ನು ಬೂದಿಕೋಟೆ ಹತ್ತಿರದ ತನ್ನ ಹಳ್ಳಿಗೆ ಕರೆದುಕೊಂಡು ಹೋದ. ಮೆಷಿನ್ ಗುಜರಿಗೆ ಹೋಯಿತು. ನಾವೂ ಬಂಗಾರಪೇಟೆಗೆ ಬಂದೆವು. ವರ್ಷಗಳ ಮೇಲೆ ಅವಳ ತಮ್ಮನ ಹೆಂಡತಿ ಫೋನ್ ಮಾಡಿದಳು. ಅಕ್ಕ ಮಲಗಿದಲ್ಲೇ ಇದ್ದಾಳೆ, ನೀರು ಮುಟ್ಟುತ್ತಿಲ್ಲ ಎಂದಳು. ಹಾಲು ಕರೆಯುವುದು, ಡೈರಿಗೆ ಹಾಕುವುದು, ಹೊಲ, ಇದರ ಮಧ್ಯೆ ತನಗಿರುವವು ಎರಡೇ ಕೈ, ಅದನ್ನು ನೋಡಿಯೇ ಅಕ್ಕ ಹೀಗೆ ಮಾಡುತ್ತಾಳೆ ಎಂದು ಅತ್ತಳು. ಉಳಿದದ್ದನ್ನು ನಾನು ಕೇಳಬೇಕಿರಲಿಲ್ಲ.

ಏನು ಮಾಡಬೇಕೆಂದು ತಿಳಿಯದೆ ಒಂದು ಹುಚ್ಚುತನ ಮಾಡಿದೆ. ನಮ್ಮ ಮನೆಯ ಮೆಷಿನ್ನನ್ನು ಓಡಿಸಿ ಅದರ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಬೂದಿಕೋಟೆ ಬಸ್ಸು ಹತ್ತಿದೆ. ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ ಅಕ್ಕ ಒಂದು ಹಿಡಿಯಷ್ಟಾಗಿದ್ದಳು. ತುಟಿ ಭಾವನದರ ಹಾಗೇ ಒಡೆದಿತ್ತು. ಫೋನನ್ನು ಕಿಟಕಿಯಾಚೆ ಇಟ್ಟು ಸದ್ದು ಹಚ್ಚಿ ಬಂದು, ನಿನ್ನ ತಮ್ಮ ಮೆಷಿನ್ ತಂದಿದ್ದಾನೆ, ದುಪ್ಪಟಿಯೆಲ್ಲ ಅದೇ ಒಗೆಯುತ್ತಿದೆ, ಕುಡಿಯಕ್ಕ ಎಂದೆ. ಚಮಚದಲ್ಲಿ ನೀರು ತುಂಬಿ ತುಟಿಯ ಹತ್ತಿರ ಹಿಡಿದೆ.

ಅಕ್ಕ ತುಂಬ ಹೊತ್ತು ಕಿವಿಗೊಟ್ಟಳು.

"ಒಳಗ್ ಬಟ್ಟೆ ಐತೇನಮ್ಮಾ?"

"ಐತಕ್ಕ."

"ಇಲ್ಲ ಬಿಡು. ಖಾಲಿ ಡ್ರಮ್ಮಿನ ಸದ್ದೇ ಬ್ಯಾರೆ." ಉಸಿರು ಸುಧಾರಿಸಿಕೊಂಡಳು. "ಆಯಪ್ಪಂಗೂ ಗೊತ್ತಿತ್ತು. ಇಂಜಿನ್ ಮನೇಲಿ ಇದ್ದೋರ್ಗೆ ಗೊತ್ತಾಗ್ದೆ ಇರ್ತದಾ? ನನ್ ಮೊಕ ನೋಡಿ ಕುಡೀತಿದ್ರು."

ಅಷ್ಟು ಹೇಳಿ ಅವಳು ನನ್ನ ಮುಖ ನೋಡಿದಳು. ಬಾಯಿ ತೆರೆದಳು.

ಒಂದು ಲೋಟ ಪೂರ್ತಿ ಕುಡಿಸಿಯೇ ಎದ್ದೆ. ಆ ವಾರ ಕಳೆಯುವುದರೊಳಗೆ ಅಕ್ಕ ಹೋದಳು. ನೀರಿನಿಂದ ಉಳಿಯುವ ಜೀವವಾಗಿರಲಿಲ್ಲ ಅದು. ಆದರೂ ಇವತ್ತಿಗೂ ನನಗೆ ಸಮಾಧಾನವಿಲ್ಲ. ಅವಳಂತೆ ಜಗಳವಾಡುವವರು, ಅವಳಂತೆ ಸೋಲೊಪ್ಪದವರು ಮತ್ತೆ ನನ್ನ ಗೋಡೆಗೆ ಅಂಟಿಕೊಂಡು ಯಾರೂ ಬಂದಿಲ್ಲ.

ಹೋದ ವಾರ, ಆ ವಾಸನೆ ಹೊಡೆದ ದಿನ, ನಾನೂ ನೆಲದ ಮೇಲೆ ಕೂತು ಬಿರಡೆ ತೆಗೆದು, ರಬ್ಬರಿನ ಮಡಿಕೆ ಒರೆಸಿ, ನಿಂಬೆ ಉಪ್ಪು ಹಾಕಿ ಮೆಷಿನ್ನನ್ನು ಖಾಲಿಯಾಗಿಯೇ ತಿರುಗಲು ಬಿಟ್ಟೆ. ಅದು ತಿರುಗುತ್ತಿರುವಾಗ ನಮ್ಮ ಯಜಮಾನರು, ಬೈಸಿಕೊಳ್ಳುವ ಮೊದಲೇ ರಾಜಿಯಾಗೋಣವೆಂದೋ ಏನೋ, ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದರು. ನನಗೆ ಬಾಯಾರಿರಲಿಲ್ಲ. ಅವರ ಮುಖ ನೋಡಿ ಕುಡಿದೆ.